ಎರಡು ತಂತ್ರಾಂಶ, ಒಂದು ತಾಳ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಬಡಗುತಿಟ್ಟಿನ ಹಿಮ್ಮೇಳವೆಂದರೇನೆಂದು ವಿವರಿಸಬೇಕಾದುದಿಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಚಂಡೆಯ ಸದ್ದು ಬೈಲಿನ ಆಚೆಬದಿಯಿಂದ ಕೇಳಿಬಂದೊಡನೆ ಕಾಲು ತಾನಾಗಿಯೇ ಆ ದಿಕ್ಕಿಗೆ ಹೊರಳುತ್ತದೆ. ಆದರೆ ಭಾಗವತರು, ಮದ್ದಳೆಯವರು, ಚಂಡೆಯವರು ಎಂಬ ಮೂವರು ಮನುಷ್ಯರು ಒಂದೇ ಕ್ಷಣದಲ್ಲಿ ಒಂದೇ ಪೆಟ್ಟಿಗೆ ಬಂದು ಸೇರುವುದು ಹೇಗೆಂಬುದನ್ನು ನಾವು ಯೋಚಿಸುವುದು ಕಡಮೆ. ಅದೇ ಕಾರ್ಯವನ್ನು ಗಣಕಯಂತ್ರದ ಎರಡು ತಂತ್ರಾಂಶಗಳಿಂದ ಮಾಡಿಸಹೊರಟಾಗ ಈ ಪ್ರಶ್ನೆ ನನ್ನ ಎದುರಿಗೆ ಬಂದು ನಿಂತಿತು. ತತ್ಸಂಬಂಧವಾಗಿ ಓದಿ, ಮಾಡಿ ತಿಳಿದುಕೊಂಡುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಯಥಾಮತಿ ಇರಿಸುತ್ತೇನೆ. ನಾನು ಕಲಾವಿಭಾಗದವನು, ಇಲ್ಲಿ ಬರುವ ಗಣಿತ ಗುಣಾಕಾರ ಭಾಗಾಕಾರಗಳನ್ನು ಮೀರುವುದಿಲ್ಲವಾದ್ದರಿಂದ ಯಾರೂ ಅಂಜಬೇಕಾಗಿಲ್ಲ.

ಈ ಕೆಲಸಕ್ಕೆ ನಾನು ಕೈಹಾಕಿದ ಕಾರಣವನ್ನು ಮೊದಲು ಹೇಳಬೇಕು. ನಮ್ಮೂರಿನಲ್ಲಿ ಭಾನುವಾರಗಳಂದು ಏಳೆಂಟು ಮಂದಿ ಹುಡುಗರು ಚಂಡೆ ಮದ್ದಳೆ ಕಲಿಯುತ್ತಾರೆ. ನನ್ನ ತಮ್ಮನೂ ಅವರಲ್ಲೊಬ್ಬ. ಅವರಿಗೆ ಪದ್ಯ ಹೇಳುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯ ಭಾಗವತರೊಬ್ಬರು. ಕಳೆದ ಮಳೆಗಾಲದಿಂದೀಚೆಗೆ ಉಬ್ಬಸದ ದೆಸೆಯಿಂದ ಅವರಿಗೆ ಹಾಡಲಾಗುತ್ತಿಲ್ಲ. ಅದಕ್ಕೆ ಮುಂಚೆ ಅವರ ಹನ್ನೆರಡು ಪದ್ಯಗಳನ್ನು, ಬರಿಯ ತಾಳ ಶ್ರುತಿಗಳೊಂದಿಗೆ, ಮೊಬೈಲಿನಲ್ಲಿ ನಾನು ಹಿಡಿದಿಟ್ಟುಕೊಂಡಿದ್ದೆ. ಈಗ ಹುಡುಗರು ಮೊಬೈಲಿನ ತಾಳಕ್ಕೆ ಬಾರಿಸಿ ಅಭ್ಯಾಸ ಮಾಡುತ್ತಾರೆ. ಅದು ಹುಟ್ಟಿದಾಗಿನ ವೇಗದಲ್ಲಿಯೇ ಸಾಯುವ ತಾಳ. ರಂಗಸ್ಥಳದಲ್ಲಿ ಭಾಗವತರು ಕಾಲವನ್ನು ಏರಿಸಿದೊಡನೆ ಇಂಥ ಅಭ್ಯಾಸದ ಕೈ ತಡವರಿಸುತ್ತದೆ. ಆದುದರಿಂದ ಹಿರಿಯರ ಕಂಠವನ್ನು ಒಂದು ತಂತ್ರಾಂಶದಲ್ಲಿರಿಸಿ, ಚಂಡೆ ಮದ್ದಳೆಗಳ ಪೆಟ್ಟುಗಳನ್ನು ಇನ್ನೊಂದರಲ್ಲಿ ಜೋಡಿಸಿ, ಎರಡನ್ನೂ ಜತೆಯಾಗಿ ನಡೆಸಿದರೆ, ಮದ್ದಳೆ ಕಲಿಯುವವನು ಯಂತ್ರದ ಮದ್ದಳೆಯನ್ನು ಮುಚ್ಚಿ ತಾನು ಬಾರಿಸಬಹುದು. ಚಂಡೆ ಕಲಿಯುವವನು ಚಂಡೆಯನ್ನು ಮುಚ್ಚಬಹುದು. ಇದು ನನ್ನ ಉದ್ದೇಶ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೆಲೆಬಾಳುವ ತಂತ್ರಾಂಶವನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಲ್ಯಾಪ್‌ಟಾಪು ಸಹ ಇನ್ನೊಬ್ಬರು ಬಳಸಿ ಮಾರಿದ್ದು. ಅದಕ್ಕಾಗಿ ಲಿನಕ್ಸಿನ ಭಂಡಾರದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದಾದ ಎರಡನ್ನು ಆರಿಸಿಕೊಂಡೆ. ಹಾಡನ್ನು ಇರಿಸುವುದಕ್ಕೆ ಆರ್ಡೋರ್. ಪೆಟ್ಟುಗಳನ್ನು ಜೋಡಿಸುವುದಕ್ಕೆ ಹೈಡ್ರೋಜನ್. ಒಂದರಲ್ಲಿಯೇ ಎಲ್ಲವನ್ನೂ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು. ಆದರೆ ಹೈಡ್ರೋಜನ್ನಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಕಾಣುತ್ತದೆ, ಪೆಟ್ಟು ಬೀಳುವಲ್ಲಿ ಚುಕ್ಕಿ ಇಟ್ಟರಾಯಿತು. ಏಳನೆಯ ತರಗತಿಯ ಹುಡುಗನಿಗೂ ಅದು ಚೆನ್ನೆಮಣೆಯಷ್ಟೇ ಸುಲಭ.

ಇನ್ನು ವಿಷಯಕ್ಕೆ ಬರೋಣ. ಎರಡು ಯಂತ್ರಗಳು ಜತೆಯಾಗಿ ನಡೆಯುತ್ತವೆ ಎಂದರೇನು? ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಸಾಲದೇ? ಸಾಲದು. ಆಟವನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಎರಡು ಬೇರೆ ಬೇರೆ ಧ್ವನಿಗ್ರಾಹಕಗಳಲ್ಲಿ ಹಿಡಿಯುತ್ತೇವೆಂದು ಭಾವಿಸಿರಿ. ಪ್ರತಿಯೊಂದರೊಳಗೂ ಕಾಲವನ್ನು ಎಣಿಸುವ ಒಂದು ಸ್ಫಟಿಕದ ಚೂರಿರುತ್ತದೆ. ಯಾವ ಎರಡು ಸ್ಫಟಿಕಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಮಿಡಿಯುವುದಿಲ್ಲ. ವ್ಯತ್ಯಾಸ ಲಕ್ಷಕ್ಕೆ ಎರಡರಷ್ಟೇ ಇರಲಿ. ಎಂಟು ಗಂಟೆಗೆ ೨೮,೮೦೦ ಸೆಕೆಂಡು. ಬೆಳಗಾಗುವಾಗ ಒಂದು ಮತ್ತೊಂದಕ್ಕಿಂತ ೦.೫೭೬ ಸೆಕೆಂಡು ಹಿಂದೆ ಬಿದ್ದಿರುತ್ತದೆ. ಹಳೆಯ ಧ್ವನಿಸುರುಳಿಗಳ ಗತಿಯಂತೂ ಕೇಳುವುದೇ ಬೇಡ. ೧೯೯೦ರಲ್ಲಿ ಅಕಾಲಮರಣಕ್ಕೀಡಾದ ಗುಂಡ್ಮಿ ಕಾಳಿಂಗ ನಾವಡರ ಕಂಠ ನನ್ನ ವಯಸ್ಸಿನವರಿಗೆ ಪರಿಚಯವಾದುದೇ ಅಂಥ ಸುರುಳಿಗಳಿಂದ. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರು ಓಡಬೇಕು. ಓಡಿಸುವ ಯಂತ್ರ ನೂರಕ್ಕೆ ಒಂದರಷ್ಟು ನಿಧಾನವಾದರೂ ೪೫ ನಿಮಿಷದ ಒಂದು ಮಗ್ಗುಲಿನಲ್ಲಿ ೨೭ ಸೆಕೆಂಡುಗಳ ಅಂತರ ಬರುತ್ತದೆ, ಜತೆಗೆ ಶ್ರುತಿಯೂ ಇಳಿಯುತ್ತದೆ.

ಹಾಗಿರಲಾಗಿ, ಯಂತ್ರಗಳು ಒಂದನ್ನೊಂದು ಕೇಳುತ್ತಿರಬೇಕಾದುದು ಅಗತ್ಯ. ಒಂದು ಹೇಳಬೇಕು, ಇನ್ನೊಂದು ಅನುಸರಿಸಬೇಕು. ಏನನ್ನು ಹೇಳಬೇಕು? ಇಲ್ಲಿ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಇವೆರಡರ ಭೇದವೇ ಈ ಲೇಖನದ ಮುಖ್ಯಾಂಶವೆಂದರೂ ಸಲ್ಲುತ್ತದೆ. ಮೊದಲನೆಯದು ಚಲನಚಿತ್ರದವರಿಂದ ಬಂದ ಕಾಲಸಂಕೇತ. ‘ಈಗ ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡು, ಇಷ್ಟನೆಯ ಚಿತ್ರ’ ಎಂದು ಅದು ಸಾರುತ್ತಲೇ ಇರುತ್ತದೆ. ಎರಡನೆಯದು ೧೯೮೩ರಲ್ಲಿ ವಾದ್ಯತಯಾರಕರು ಒಪ್ಪಿಕೊಂಡ ಮಿಡಿ ಎಂಬ ಒಡಂಬಡಿಕೆಯಲ್ಲಿ ಬರುವ ಮಿಡಿತ. ಅದು ಗಡಿಯಾರವನ್ನು ಲೆಕ್ಕಿಸುವುದೇ ಇಲ್ಲ. ಪ್ರತಿ ಮಾತ್ರೆಗೂ ೨೪ ಮಿಡಿತಗಳನ್ನು ಕಳುಹಿಸುತ್ತದೆ, ಅಷ್ಟೇ. ಹಾಡು ವೇಗವಾದರೆ ಮಿಡಿತಗಳು ಒತ್ತೊತ್ತಾಗುತ್ತವೆ, ನಿಧಾನವಾದರೆ ಬಿಡಿಬಿಡಿಯಾಗುತ್ತವೆ. ಮೊದಲನೆಯದು ಗೋಡೆಗಡಿಯಾರ, ಎರಡನೆಯದು ಭಾಗವತರ ಕೈತಾಳ.

ಯಕ್ಷಗಾನಕ್ಕೆ ಯಾವುದು ಬೇಕೆಂದು ಹೇಳಬೇಕಾಗಿಲ್ಲ. ಭಾಗವತನೇ ಮೊದಲನೆಯ ವೇಷವೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ರಂಗಸ್ಥಳದಲ್ಲಿ ಎಷ್ಟು ಸೆಕೆಂಡು ಕಳೆಯಿತೆಂದು ಯಾರೂ ಕೇಳುವುದಿಲ್ಲ. ತಾಳದ ಎಷ್ಟನೆಯ ಅಕ್ಷರದಲ್ಲಿ ಇದ್ದೇವೆಂಬುದೇ ಅಲ್ಲಿಯ ಕಾಲಜ್ಞಾನ. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದು ಸೇರಿಸಿದರಷ್ಟೆ. ಆ ವಾದ್ಯಗಳು ಪಶ್ಚಿಮದವಾದರೂ ನಡೆಯಬೇಕಾದುದು ಭಾಗವತರ ತಾಳಕ್ಕೆ. ಯಂತ್ರಕ್ಕೂ ಬೇರೆ ನ್ಯಾಯವೇಕೆ?

ಒಂದು ಲೆಕ್ಕ ನೋಡಿರಿ. ತ್ರಿವುಡೆ ತಾಳಕ್ಕೆ ಆವರ್ತಕ್ಕೆ ಏಳು ಅಕ್ಷರ. ನಮ್ಮ ಹಿರಿಯರು ಹೇಳಿದ ಒಂದು ತ್ರಿವುಡೆ ಪದ್ಯದ ಮೊದಲ ಆವರ್ತಕ್ಕೆ ೫.೬ ಸೆಕೆಂಡು ಹಿಡಿದಿದೆ; ಎಂದರೆ ನಿಮಿಷಕ್ಕೆ ೭೫ ಅಕ್ಷರ. ಕೊನೆಗೆ ಮುಕ್ತಾಯದ ಹತ್ತಿರ ಅದೇ ಆವರ್ತ ೪.೨ ಸೆಕೆಂಡಿಗೆ ಮುಗಿಯುತ್ತದೆ, ನಿಮಿಷಕ್ಕೆ ೧೦೦. ಹೈಡ್ರೋಜನ್ನನ್ನು ೭೫ಕ್ಕೇ ಕಟ್ಟಿಹಾಕಿ ಬಿಟ್ಟರೆ ಆ ಕೊನೆಯ ಒಂದೇ ಆವರ್ತದಲ್ಲಿ ಅದು ೧.೪ ಸೆಕೆಂಡು, ಎರಡು ಅಕ್ಷರಕ್ಕೂ ಮಿಕ್ಕಿ ಹಿಂದೆ ಬೀಳುತ್ತದೆ. ಅಷ್ಟೇಕೆ, ವೇಗ ೭೫ರಿಂದ ೭೬ಕ್ಕೆ ಏರಿದರೂ ಆವರ್ತದ ಕೊನೆಗೆ ೭೪ ಮಿಲಿಸೆಕೆಂಡು ವ್ಯತ್ಯಾಸ ಬರುತ್ತದೆ. ಎರಡು ಚರ್ಮವಾದ್ಯಗಳ ಪೆಟ್ಟು ಸುಮಾರು ಮೂವತ್ತು ಮಿಲಿಸೆಕೆಂಡು ಅಗಲಿದರೆ ಕಿವಿಗೆ ಎರಡಾಗಿಯೇ ಕೇಳಿಸುತ್ತದೆ. ಪರೀಕ್ಷಾರ್ಥವಾಗಿ ಹಾಗೆ ಕಟ್ಟಿಹಾಕಿದ ಚಂಡೆಯನ್ನು ಹಿರಿಯರಿಗೇ ಕೇಳಿಸಿದೆ. ಅವರು ಅರ್ಧಕ್ಕೆ ಕೈಯೆತ್ತಿ, “ಮಾಣಿ, ಅದಕ್ಕ್ ಉಸ್ರೇ ಇಲ್ಲ ಕಾಣ್. ನಾನ್ ಉಸ್ರ್ ತೆಗೂಕೆ ನಿಂತ್ರೆ ಅದ್ ನಿಲ್ತಿಲ್ಲ” ಎಂದರು. ಯಂತ್ರಜ್ಞರು ಪುಟಗಟ್ಟಲೆ ಬರೆದುದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದರು!

ಅದಕ್ಕಾಗಿ ಮಾಡಬೇಕಾದುದು ಇಷ್ಟು. ಆರ್ಡೋರಿನಲ್ಲಿ ಹಿರಿಯರ ಹಾಡನ್ನು ತೆರೆದು, ಅವರ ತಾಳದ ಮೊದಲ ಪೆಟ್ಟು ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲಿ, ಪ್ರತಿ ಆವರ್ತಕ್ಕೂ ಒಂದೊಂದು ಗುರುತನ್ನು ಹಾಕುತ್ತ ಹೋಗಬೇಕು. ಎರಡು ಗುರುತುಗಳ ನಡುವೆ ಏಳು ಅಕ್ಷರಗಳೆಂದು ತಿಳಿಸಿದರೆ ಆ ಆವರ್ತದ ವೇಗ ಗೊತ್ತಾಗುತ್ತದೆ. ಹೀಗೆ ಇಡೀ ಪದ್ಯಕ್ಕೆ ಲಯದ ಒಂದು ನಕ್ಷೆ ಸಿದ್ಧವಾಗುತ್ತದೆ. ಇದು ತಾಳ್ಮೆಯ ಕೆಲಸ. ಒಂದು ಪದ್ಯಕ್ಕೆ ಒಂದು ಸಂಜೆ ಹಿಡಿಯುತ್ತದೆ. ಕಿವಿಯಿಂದ ಕೇಳಿ ಹಾಕಿದ ಗುರುತಿಗಿಂತ ತೆರೆಯ ಮೇಲೆ ಧ್ವನಿಯ ಗೆರೆಯನ್ನು ಹಿಗ್ಗಿಸಿ, ತಾಳದ ಲೋಹ ತಾಗಿದ ಆ ಚೂಪಾದ ತುದಿಗೆ ಹಾಕಿದ ಗುರುತು ಹೆಚ್ಚು ನೆಚ್ಚತಕ್ಕದ್ದು. ಆದರೆ ವೇಗಗಳನ್ನು ‘ಸರಿಪಡಿಸಿ’ ನುಣ್ಣಗೆ ಮಾಡುವ ಆಸೆಗೆ ಒಳಗಾಗಕೂಡದು. ಹನ್ನೊಂದನೆಯ ಆವರ್ತದಲ್ಲಿ ಹಿರಿಯರು ಉಸಿರಿಗಾಗಿ ತುಸು ತಡೆದಿದ್ದಾರೆ; ನಕ್ಷೆಯಲ್ಲಿ ಅದು ಸಣ್ಣದೊಂದು ತಗ್ಗಾಗಿ ಕಾಣುತ್ತದೆ. ಹುಡುಗರು ಕಲಿಯಬೇಕಾದುದು ಆ ತಗ್ಗನ್ನೇ.

ನಕ್ಷೆಯನ್ನು ಹೈಡ್ರೋಜನ್ನಿಗೆ ತಲುಪಿಸುವುದು ಹೇಗೆ? ಮಿಡಿತಗಳ ಮೂಲಕ ಕಳುಹಿಸಬಹುದು. ಆದರೆ ಪಡೆಯುವ ತಂತ್ರಾಂಶ ಮಿಡಿತಗಳ ನಡುವಣ ಅಂತರವನ್ನು ಅಳೆದು ವೇಗವನ್ನು ಊಹಿಸಬೇಕಾಗುತ್ತದೆ, ಮಿಡಿತಗಳು ದಾರಿಯಲ್ಲಿ ಸ್ವಲ್ಪ ಹಿಂದುಮುಂದಾದರೆ ಊಹೆಯೂ ಅಲ್ಲಾಡುತ್ತದೆ. ಒಂದೇ ಗಣಕದೊಳಗೆ ಎರಡೂ ಇರುವಾಗ ಇದಕ್ಕಿಂತ ಉತ್ತಮವಾದ ಮಾರ್ಗವುಂಟು. ಅದರ ಹೆಸರು ಜ್ಯಾಕ್. ಆರ್ಡೋರನ್ನು ಬರೆಯತೊಡಗಿದ ಪಾಲ್ ಡೇವಿಸ್ ಎಂಬವರೇ ಇದನ್ನೂ ಬರೆಯತೊಡಗಿದವರು.

ಜ್ಯಾಕಿನ ಕ್ರಮವನ್ನು ಅಕ್ಕಿ ಅಳೆಯುವುದಕ್ಕೆ ಹೋಲಿಸಬಹುದು. ಒಂದು ಸೆಕೆಂಡಿನ ಧ್ವನಿಯೆಂದರೆ ಗಣಕಕ್ಕೆ ೪೮,೦೦೦ ಕಾಳುಗಳು. ಜ್ಯಾಕ್ ೨೫೬ ಕಾಳು ಹಿಡಿಯುವ ಪಾವನ್ನು ಕೈಯಲ್ಲಿ ಹಿಡಿದು, ಪ್ರತಿ ಸುತ್ತಿನಲ್ಲಿಯೂ ಆರ್ಡೋರಿಗೊಮ್ಮೆ, ಹೈಡ್ರೋಜನ್ನಿಗೊಮ್ಮೆ ‘ಇಷ್ಟನೆಯ ಕಾಳಿನಿಂದ ತುಂಬಿಸು’ ಎನ್ನುತ್ತದೆ. ಇಬ್ಬರೂ ಒಂದೇ ಸುತ್ತಿನ ಪಾವನ್ನು ತುಂಬಿಸಿದ ಬಳಿಕವೇ ಅದು ಧ್ವನಿಯಾಗಿ ಹೊರಬರುತ್ತದೆ. ಊಹೆಗೆ ಎಡೆಯೇ ಇಲ್ಲ. ಎರಡಕ್ಕೂ ಸ್ಫಟಿಕವೂ ಒಂದೇ ಆದುದರಿಂದ ಮೇಲೆ ಹೇಳಿದ ಬೆಳಗಿನ ಅರ್ಧ ಸೆಕೆಂಡಿನ ತೊಡಕೂ ಇಲ್ಲಿಲ್ಲ. ಇದರ ಮೇಲೆ, ಒಬ್ಬರಿಗೆ ಮಾತ್ರ ಕಾಲದ ಒಡೆತನವನ್ನು ಕೊಡಬೇಕು. ಆ ಒಡೆಯನು ‘ಇದು ಇಷ್ಟನೆಯ ಆವರ್ತ, ಇಷ್ಟನೆಯ ಅಕ್ಷರ, ವೇಗ ಇಷ್ಟು’ ಎಂದು ಸುತ್ತು ಸುತ್ತಿಗೂ ತಿಳಿಸುತ್ತಾನೆ. ಒಡೆತನ ಆರ್ಡೋರಿಗೆ, ಏಕೆಂದರೆ ಭಾಗವತರಿರುವುದು ಅಲ್ಲಿ. ಹೈಡ್ರೋಜನ್ನಿನಲ್ಲಿ ಅನುಸರಿಸುವ ಗುಂಡಿಯನ್ನಷ್ಟೇ ಒತ್ತಬೇಕು. ಯಾವುದಾದರೊಂದು ತಂತ್ರಾಂಶ ಇನ್ನೂ ಸಿದ್ಧವಾಗಿಲ್ಲವೆಂದರೆ ಜ್ಯಾಕ್ ಕ್ಷಣಕಾಲ ಎಲ್ಲರನ್ನೂ ತಡೆದು ನಿಲ್ಲಿಸುವುದೂ ಉಂಟು; ಮದ್ದಳೆಯವರು ಶ್ರುತಿ ಮಾಡಿ ಮುಗಿಸುವವರೆಗೆ ಭಾಗವತರು ಕಾಯುವ ಹಾಗೆ.

ಪಾವು ಎಷ್ಟು ದೊಡ್ಡದಿರಬೇಕೆಂಬುದು ಚರ್ಚೆಯ ವಿಷಯ. ೨೫೬ ಕಾಳಿಗೆ ೫.೩ ಮಿಲಿಸೆಕೆಂಡು, ೧,೦೨೪ಕ್ಕೆ ೨೧.೩. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು ೩೪ ಸೆಂಟಿಮೀಟರು ಹೋಗುತ್ತದೆ. ಗೇಣಿಗಿಂತ ಹೆಚ್ಚು, ಮೊಳಕ್ಕಿಂತ ಕಡಮೆ. ಎಂದರೆ ಚಿಕ್ಕ ಪಾವಿನ ವಿಳಂಬ ಚಂಡೆಯವರು ಭಾಗವತರಿಂದ ಎರಡು ಮೀಟರಿಗಿಂತ ಸ್ವಲ್ಪ ಕಡಮೆ ದೂರದಲ್ಲಿ ಇದ್ದ ಹಾಗೆ. ರಂಗಸ್ಥಳದಲ್ಲಿ ಅದು ಇದ್ದದ್ದೇ. ದೊಡ್ಡ ಪಾವಿನದು ಏಳು ಮೀಟರು ಆಚೆ ನಿಂತ ಹಾಗೆ. ಯಂತ್ರದ ಹಾಡನ್ನು ಬರಿದೆ ಕೇಳುವುದಾದರೆ ದೊಡ್ಡ ಪಾವೇ ಸಾಕು, ಎರಡೂ ಒಟ್ಟಿಗೆ ತಡವಾಗುವುದರಿಂದ ಹಾನಿಯಿಲ್ಲ. ಹುಡುಗನು ತನ್ನ ಮದ್ದಳೆಯನ್ನೂ ಮೈಕಿನ ಮೂಲಕ ಒಳಗೆ ಬಿಟ್ಟು ತಾನೇ ಕೇಳಿಕೊಳ್ಳುವುದಾದರೆ ಮಾತ್ರ ಚಿಕ್ಕದು ಬೇಕು. ಪಾವು ತೀರ ಚಿಕ್ಕದಾದರೆ ಹಳೆಯ ಲ್ಯಾಪ್‌ಟಾಪು ತುಂಬಿಸಲಾರದೆ ಕಟಕಟ ಸದ್ದು ಮಾಡುತ್ತದೆ. ನನ್ನದಂತೂ ೨೫೬ಕ್ಕೆ ಕೆಳಗೆ ಬರಲು ಒಪ್ಪುವುದಿಲ್ಲ.

ಇನ್ನೆರಡು ಸಣ್ಣ ಸಂಗತಿಗಳನ್ನು ಬಿಡುವಂತಿಲ್ಲ. ಮೊಬೈಲಿನಲ್ಲಿ ಹಿಡಿದ ಧ್ವನಿ ಸೆಕೆಂಡಿಗೆ ೪೪,೧೦೦ ಕಾಳುಗಳದಾಗಿದ್ದು, ಅದನ್ನು ಪರಿವರ್ತಿಸದೆ ೪೮,೦೦೦ದ ಲೆಕ್ಕದಲ್ಲಿ ಓಡಿಸಿದರೆ ಹಾಡು ನೂರಕ್ಕೆ ಒಂಬತ್ತರಷ್ಟು ವೇಗವಾಗಿ, ಶ್ರುತಿ ಹಾರ್ಮೋನಿಯಮ್ಮಿನ ಒಂದೂವರೆ ಮನೆ ಏರಿಬಿಡುತ್ತದೆ. ಆರ್ಡೋರಿನೊಳಕ್ಕೆ ತರುವಾಗಲೇ ಪರಿವರ್ತನೆ ಮಾಡಿಸಿಕೊಳ್ಳಬೇಕು. ಇನ್ನೊಂದು, ಬಿಡಿ ಪೆಟ್ಟುಗಳದು. ಚಂಡೆ ಮದ್ದಳೆಗಳ ಒಂದೊಂದು ಪೆಟ್ಟನ್ನೂ ಪ್ರತ್ಯೇಕವಾಗಿ ಹಿಡಿದು ಹೈಡ್ರೋಜನ್ನಿಗೆ ಉಣಿಸುವಾಗ, ಪೆಟ್ಟಿಗೆ ಮುಂಚಿನ ಮೌನವನ್ನು ಕತ್ತರಿಸಿ ತೆಗೆಯಬೇಕು. ಹನ್ನೆರಡು ಮಿಲಿಸೆಕೆಂಡು ಮೌನ ಉಳಿದರೂ ಆ ಪೆಟ್ಟು ಎಂದೆಂದಿಗೂ ಹನ್ನೆರಡು ಮಿಲಿಸೆಕೆಂಡು ತಡವೇ, ಜ್ಯಾಕ್ ಎಷ್ಟೇ ನಿಷ್ಠೆಯಿಂದ ನಡೆದರೂ ಪ್ರಯೋಜನವಿಲ್ಲ. ಪೆಟ್ಟಿನ ಗಟ್ಟಿ ಮೆದುಗಳಿಗಾಗಿ ಒಂದೊಂದನ್ನೂ ನಾಲ್ಕೈದು ಬಗೆಯಲ್ಲಿ ಹಿಡಿದುಕೊಳ್ಳುವುದು ಮೇಲು.

ಈ ವಿಧಾನದಿಂದ ಆಗದ ಕೆಲಸವೂ ಉಂಟು. ವೇಷಧಾರಿಯ ಹೆಜ್ಜೆ ನೋಡಿ ಬಿಡ್ತಿಗೆಯನ್ನು ಅಲ್ಲೇ ಹಿಗ್ಗಿಸುವುದು, ಭಾಗವತರ ಕಣ್ಸನ್ನೆಗೆ ಮುಕ್ತಾಯಕ್ಕೆ ಹೋಗುವುದು, ಇವು ನಕ್ಷೆಯಲ್ಲಿ ಬರಲಾರವು; ಇಲ್ಲಿಯ ಭಾಗವತರು ಪ್ರತಿ ಸಲವೂ ಹನ್ನೊಂದನೆಯ ಆವರ್ತದಲ್ಲಿಯೇ ಉಸಿರೆಳೆಯುತ್ತಾರೆ. ಇದನ್ನು ಕಂಡುಕೊಂಡ ನನ್ನ ತಮ್ಮ ಈಗ ಆ ಜಾಗ ಬರುವ ಮೊದಲೇ ಕೈ ಸಡಿಲಿಸುತ್ತಾನೆ. ಅದಕ್ಕಾಗಿ ಅದೇ ಪದ್ಯವನ್ನು ಹಿರಿಯರು ಬೇರೆ ದಿನ ಹೇಳಿದ್ದ ಇನ್ನೊಂದು ಪ್ರತಿಗೂ ನಕ್ಷೆ ಮಾಡಿಟ್ಟು, ಎರಡನ್ನೂ ಹೇಳದೆ ಕೇಳದೆ ಅದಲುಬದಲು ಮಾಡಿ ಹಾಕುತ್ತಿದ್ದೇನೆ.

ಹನ್ನೆರಡರಲ್ಲಿ ಏಳು ಪದ್ಯಗಳಿಗೆ ನಕ್ಷೆ ಸಿದ್ಧವಾಗಿದೆ. ಏಕ, ರೂಪಕ, ತ್ರಿವುಡೆಗಳದು ಮುಗಿದವು. ಹತ್ತು ಅಕ್ಷರದ ಝಂಪೆಯ ಪದ್ಯವೊಂದು ಅರ್ಧದಲ್ಲಿದೆ. ಹದಿನಾಲ್ಕು ಅಕ್ಷರದ ಅಷ್ಟತಾಳದವುಗಳಲ್ಲಿ ಒಂದರ ನಡುವೆ ತಾಳದ ಪೆಟ್ಟು ಮಳೆಯ ಸದ್ದಿನಲ್ಲಿ ಮುಳುಗಿಹೋಗಿದೆ. ಅಲ್ಲಿ ಗುರುತು ಎಲ್ಲಿ ಹಾಕಬೇಕೆಂದು ಹಿರಿಯರನ್ನೇ ಕೇಳಬೇಕು. ಅವರಿಗೆ ಹಾಡಲಾಗದಿದ್ದರೂ ತೊಡೆಯ ಮೇಲೆ ತಾಳ ಹಾಕಿ ತೋರಿಸುತ್ತಾರೆ. ಪರೀಕ್ಷೆ ಮುಗಿದ ಮಾರನೆಯ ದಿನ ಬರುವುದಾಗಿ ಹೇಳಿಟ್ಟಿದ್ದೇನೆ.