ವಾಕಿಂಗ್‌ಗೆ ಹೊರಟವರಿಗೆ ಒಂದು ಮಾತು

ಬೆಳಿಗ್ಗೆ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ವಾಕಿಂಗ್ ಹೋಗುತ್ತೀರಿ, ಒಳ್ಳೆಯದೇ. ಆದರೆ ನಡೆಯಲು ಹೋಗುವುದಕ್ಕೂ ಕಾರೇ ಬೇಕೆನ್ನುತ್ತೀರಲ್ಲ! ಎರಡೂ ಕಡೆ ಮೆಟ್ರೊ ನಿಲ್ದಾಣವಿದೆ. ಸಾಲದ್ದಕ್ಕೆ ಗೇಟಿನ ಮುಂದೆ ಇಂಜಿನ್ ಆರಿಸದೆ ಸ್ನೇಹಿತರಿಗೆ ಕಾಯುವುದು ಬೇರೆ. ಹೊಗೆಯನ್ನು ಮರ ನೋಡಿಕೊಳ್ಳುತ್ತದೆ ಎಂಬ ಧೈರ್ಯ ನಿಮಗೆ. ನೋಡಿಕೊಳ್ಳುತ್ತದೆ, ತನ್ನ ಮೈ ಕರಗಿಸಿಕೊಂಡು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ರಸ್ತೆ ಕಡೆಯ ಬೇಲಿ ಹತ್ತಿರ ಒಂದು ಎಲೆಯನ್ನು ಬೆರಳಲ್ಲಿ ಒರೆಸಿ ನೋಡಿ, ಕಪ್ಪು ಅಂಟುತ್ತದೆ. ಆ ಧೂಳು ಕೂತರೆ ಎಲೆಗೆ ಬಿಸಿಲು ಸಾಲದು. ಉಸಿರಾಡುವ ಸಣ್ಣ ರಂಧ್ರಗಳು ಕಟ್ಟಿಕೊಂಡರೆ ಗಾಳಿಯೂ ಸಾಲದು. ಅಡುಗೆಯೇ ಆಗದ ಮೇಲೆ ಮರ ಬೆಳೆಯುವುದೆಲ್ಲಿಂದ? ಇನ್ನು ವಾಹನದ ಹೊಗೆ ಬಿಸಿಲಿಗೆ ಸಿಕ್ಕಿ ಓಝೋನ್ ಹುಟ್ಟುತ್ತದೆ. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನ್, ನೆಲದ ಹತ್ತಿರ ಎಲೆಯನ್ನು ಒಳಗಿನಿಂದ ಕೆಡಿಸಿ ಬೇಗ ಉದುರಿಸುತ್ತದೆ. ಗಾಳಿಯ ಜೊತೆ ಊರಾಚೆಗೂ ಹೋಗುತ್ತದೆ. ನ್ಯೂಯಾರ್ಕ್‌ನಲ್ಲಿ ಒಂದೇ ತಳಿಯ ಪಾಪ್ಲರ್ ಗಿಡಗಳನ್ನು ಪೇಟೆಯಲ್ಲೂ ಹಳ್ಳಿಯಲ್ಲೂ ನೆಟ್ಟು ನೋಡಿದ ಸಂಶೋಧಕರು, ಓಝೋನ್ ಹೆಚ್ಚಿದ್ದ ಹಳ್ಳಿಯ ಗಿಡಗಳೇ ಸೊರಗಿದ್ದವೆಂದು 2003ರಲ್ಲಿ ಬರೆದರು. ಮಾಡಿದ್ದು ಯಾರೋ, ಉಂಡಿದ್ದು ಯಾರೋ.

ಬಡಾವಣೆಯ ಪಾರ್ಕಿನಲ್ಲಿ ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತೀರಲ್ಲ, ಅದನ್ನು ಮೊದಲು ನಿಲ್ಲಿಸಿ. ಹೊಗೆ ಮೇಲಿನ ಕೊಂಬೆಗೇ ಬಡಿಯುತ್ತದೆ, ಗೊಬ್ಬರವಾಗಬೇಕಾದ್ದು ಬೂದಿಯಾಗುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಮಾಲಿ ಸುಡುತ್ತಿದ್ದರೆ ಅವನನ್ನು ಗದರಬೇಡಿ, ಒಂದು ಮೂಲೆಯಲ್ಲಿ ಗುಂಡಿ ತೋಡಿಸಿಕೊಡಿ. ಮಿಕ್ಕ ಎಲೆಯನ್ನು ಬುಡಕ್ಕೇ ಹೊದಿಸಿ; ತೇವ ನಿಂತರೆ ಹೊಗೆ ತಿಂದ ಮರಕ್ಕೂ ಸ್ವಲ್ಪ ಚೇತರಿಕೆ. ಬುಡದ ಸುತ್ತ ಚೊಕ್ಕಟವಾಗಿ ಕಾಣಲಿ ಅಂತ ಸಿಮೆಂಟ್ ಮಾತ್ರ ಬಳಿಸಬೇಡಿ. ಅದು ಗಾಯದ ಮೇಲೆ ಬರೆ.

ಹೊಸದಾಗಿ ನೆಡುವುದಿದ್ದರೆ ರಸ್ತೆ ಕಡೆಗೆ ಹೊಂಗೆ, ಬೇವು ಇರಲಿ, ಅವು ಧೂಳು ತಾಳುತ್ತವೆ. ನಾಜೂಕಿನ ಹೂಗಿಡ ಒಳಗಡೆ ಸಾಕು. ಫೆಬ್ರುವರಿಯಿಂದ ಮೊದಲ ಮಳೆ ಬೀಳುವವರೆಗೆ ಎಳೆ ಗಿಡಗಳ ಎಲೆಗೆ ವಾರಕ್ಕೊಮ್ಮೆ ನೀರು ಚಿಮುಕಿಸಿ. ಕುಡಿಯುವ ನೀರು ಬೇಡ, ತರಕಾರಿ ತೊಳೆದ ನೀರನ್ನು ಸೋಸಿ ತಂದರೆ ಆಯಿತು. ಸೋಪಿನ ನೀರನ್ನಂತೂ ತರಲೇಬೇಡಿ.