ರೋಮ್‌ನಲ್ಲಿ ಊಟ: ಬೋರ್ಡ್ ನೋಡುವ ಮೊದಲು ಗಡಿಯಾರ ನೋಡಿ

ಕರ್ನಾಟಕದಿಂದ ಯುರೋಪಿಗೆ ಹೋಗುವ ಪ್ರವಾಸಿ ತಂಡಗಳ ಜೊತೆ ವ್ಯವಸ್ಥಾಪಕನಾಗಿ ಹೋಗುವುದು ನನ್ನ ಉದ್ಯೋಗ. ಕೊಲೋಸಿಯಂ, ವ್ಯಾಟಿಕನ್ ತೋರಿಸಲು ಅಲ್ಲಿನ ಗೈಡ್ ಇರುತ್ತಾರೆ. ಊಟ ಎಲ್ಲಿ, ಅದರಲ್ಲಿ ಮಾಂಸ ಇದೆಯೇ, ಮೊಟ್ಟೆ ಬಿದ್ದಿದೆಯೇ ಎಂಬುದೆಲ್ಲ ನನ್ನ ಪಾಲಿಗೆ. ರೋಮ್‌ನಲ್ಲಿ ಒಳ್ಳೆಯ ಹೋಟೆಲು ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಗಂಟೆಗೆ, ಯಾವ ವಾರ, ಯಾವ ತಿಂಗಳು ಎಂದು ಮೊದಲು ಕೇಳಿಕೊಂಡರೆ ಹೋಟೆಲು ತಾನಾಗಿಯೇ ಸಿಗುತ್ತದೆ.

1. ಮಧ್ಯಾಹ್ನ ಮೂರರಿಂದ ಸಂಜೆ ಏಳೂವರೆಯವರೆಗೆ ಒಲೆ ಆರಿರುತ್ತದೆ

ಮನೆಮಂದಿಯೇ ನಡೆಸುವ ಸಣ್ಣ ಊಟದ ಹೋಟೆಲುಗಳನ್ನು ಅಲ್ಲಿ ತ್ರಾತ್ತೊರಿಯಾ ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತೆಗೆದರೆ ಮೂರರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತದೆ. ಮತ್ತೆ ತೆಗೆಯುವುದು ಸಂಜೆ ಏಳೂವರೆಗೆ. ರೋಮಿನವರು ಊಟಕ್ಕೆ ಕೂರುವುದೇ ಎಂಟೂವರೆ ದಾಟಿದ ಮೇಲೆ. ನಾಲ್ಕು ಗಂಟೆಗೆ ಹಸಿದುಕೊಂಡು ಹೊರಟವರಿಗೆ ತೆರೆದಿರುವುದು ಮುಖ್ಯ ಚೌಕಗಳ ಸುತ್ತಲಿನ, ಫೋಟೊ ಅಂಟಿಸಿದ ಮೆನುವಿನ ಜಾಗಗಳು. ಅಲ್ಲಿ ಬಿಲ್ಲು ಜಾಸ್ತಿ, ರುಚಿ ಕಡಿಮೆ. ರೋಮ್‌ನಲ್ಲಿ ಊಟ ಚೆನ್ನಾಗಿರಲಿಲ್ಲ ಎಂದು ದೂರುವವರಲ್ಲಿ ಬಹುಪಾಲು ಜನ ಹೊತ್ತಲ್ಲದ ಹೊತ್ತಿನಲ್ಲಿ ತಿಂದವರು.

ಆ ಹೊತ್ತಿಗೆ ಹಸಿವಾದರೆ ದಾರಿ ಇದೆ. ತುಂಡು ಪಿಜ್ಜಾದ ಅಂಗಡಿಗಳು ದಿನವಿಡೀ ನಡೆಯುತ್ತವೆ. ಉದ್ದನೆಯ ತಟ್ಟೆಯಲ್ಲಿ ಬೆಂದ ಪಿಜ್ಜಾವನ್ನು ನೀವು ತೋರಿಸಿದಷ್ಟು ಕತ್ತರಿಯಿಂದ ಕತ್ತರಿಸಿ, ತೂಕ ಮಾಡಿ ಕೊಡುತ್ತಾರೆ. ಬರೀ ಟೊಮೆಟೊ ಸವರಿದ ಪಿಜ್ಜಾ ರೊಸ್ಸಾ, ಎಣ್ಣೆ ಉಪ್ಪು ಮಾತ್ರದ ಪಿಜ್ಜಾ ಬಿಯಾಂಕಾ ಎರಡನ್ನೂ ಬಿಡಬೇಡಿ. ದುಂಡನೆಯ, ಹಪ್ಪಳದಷ್ಟು ತೆಳುವಾದ ರೋಮಿನ ಪಿಜ್ಜಾ ಬೇಕಿದ್ದರೆ ರಾತ್ರಿಯವರೆಗೆ ಕಾಯಿರಿ. ಅನೇಕ ಪಿಜ್ಜೇರಿಯಾಗಳು ಒಲೆ ಹೊತ್ತಿಸುವುದೇ ಸಂಜೆ.

2. ತಿಂಡಿ ನಿಂತುಕೊಂಡೇ ಆಗಲಿ

ಬೆಳಗಿನ ತಿಂಡಿ ಬಾರ್‌ನಲ್ಲಿ. ಅಲ್ಲಿ ಬಾರ್ ಎಂದರೆ ಕಾಫಿಯ ಜಾಗ. ಕೌಂಟರಿನ ಮುಂದೆ ನಿಂತು ಕಪುಚಿನೊ, ಕ್ರೊಸಾಂಟಿನಂಥ ಒಂದು ಕೊರ್ನೆತ್ತೊ. ಅಥವಾ ಕೆನೆ ತುಂಬಿದ ಮರಿತೊತ್ಸೊ ಬನ್ನು. ಇದು ರೋಮಿನದೇ ತಿನಿಸು. ಅದೇ ಕಾಫಿಯನ್ನು ಮೇಜಿಗೆ ತರಿಸಿಕೊಂಡರೆ ದರವೇ ಬೇರೆ, ಪ್ಯಾಂಥಿಯನ್ ಸುತ್ತಮುತ್ತ ಎರಡು ಪಟ್ಟಿಗೂ ಹೆಚ್ಚಾಗಬಹುದು. ಬಹಳ ಕಡೆ ಮೊದಲು ಕ್ಯಾಶಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು ಕೌಂಟರಿಗೆ ಹೋಗಬೇಕು. ನಮ್ಮ ದರ್ಶಿನಿಗಳಲ್ಲಿ ಪಳಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

3. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಕೇಳಬೇಕು

ನನಗೆ ಅತಿ ಮುಖ್ಯವಾದ ಪಾಠ ಇದು. ಡಬ್ಬಿಯ ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಬಂದು ಹೋಟೆಲು ಕೋಣೆಯಲ್ಲಿ ತಿನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಯುರೋಪಿನ ರಾಜಧಾನಿಗಳಲ್ಲಿ ತರಕಾರಿಯನ್ನು ಇಷ್ಟು ಪ್ರೀತಿಯಿಂದ ಬೇಯಿಸುವ ಊರು ಕಡಿಮೆ.

ರೋಮಿನ ಹೆಸರಾಂತ ಪಾಸ್ತಾಗಳು ನಾಲ್ಕು: ಗ್ರೀಚಾ, ಕಾರ್ಬೊನಾರಾ, ಅಮಾತ್ರಿಚಾನಾ, ಕಾಚೊ ಎ ಪೆಪೆ. ಮೊದಲ ಮೂರರಲ್ಲಿ ಗ್ವಾಂಚಾಲೆ, ಅಂದರೆ ಹಂದಿಯ ಕೆನ್ನೆಯ ಮಾಂಸ ಇರುತ್ತದೆ. ಕಾರ್ಬೊನಾರಾದಲ್ಲಿ ಮೊಟ್ಟೆಯೂ ಸೇರುತ್ತದೆ. ಕಾಚೊ ಎ ಪೆಪೆಗೆ ಬೇಕಾದದ್ದು ಚೀಸ್, ಕರಿಮೆಣಸು, ಪಾಸ್ತಾ ಬೆಂದ ನೀರು, ಅಷ್ಟೇ. ಆ ಮೆಣಸಿಗೂ ನಮ್ಮ ಪಶ್ಚಿಮ ಕರಾವಳಿಗೂ ಹಳೆಯ ನಂಟು. ಒಂದನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ದೊಮಿಷಿಯನ್ ಮೆಣಸು, ಮಸಾಲೆಗಳಿಗೆಂದೇ ಉಗ್ರಾಣ ಕಟ್ಟಿಸಿದ್ದ. ರೋಮನ್ ಫೋರಂನಲ್ಲಿ ಮ್ಯಾಕ್ಸೆಂಟಿಯಸ್ ಬಸಿಲಿಕಾದ ಅಡಿಯಲ್ಲಿ ಅದರ ಅವಶೇಷ ಇದೆ. ಮಲಬಾರಿನ ಮೆಣಸು ಹಡಗೇರಿ ಹೋಗಿ ಸೇರುತ್ತಿದ್ದ ಜಾಗ ಅದು.

ಆದರೆ ಕಟ್ಟುನಿಟ್ಟಿನವರಿಗೆ ಒಂದು ಮಾತು. ಕಾಚೊ ಎ ಪೆಪೆಗೆ ಬಳಸುವ ಪೆಕೊರಿನೊ ರೊಮಾನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ಕಿಣ್ವದಿಂದ ಹೆಪ್ಪು ಹಾಕುತ್ತಾರೆ. ಇದನ್ನು ನಾನು ತಂಡಕ್ಕೆ ಮೊದಲೇ ಹೇಳಿಬಿಡುತ್ತೇನೆ. ತಿನ್ನುವುದು ಬಿಡುವುದು ಅವರವರ ತೀರ್ಮಾನ. ಚೀಸೇ ಬೇಡ ಎನ್ನುವವರಿಗೆ ಪಿಜ್ಜಾ ಮರಿನಾರಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ. ಮೊಟ್ಟೆ ಬೇಡದವರು ಸ್ಪಗೆಟ್ಟಿಯಂಥ ಒಣ ಪಾಸ್ತಾ ಕೇಳಲಿ. ಫೆತುಚಿನೆಯಂಥ ಹಸಿ ಪಾಸ್ತಾದ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿ ನಾದಿರುತ್ತಾರೆ.

ತರಕಾರಿ ಎಂದು ಕಂಡದ್ದನ್ನೂ ಕೇಳಿಯೇ ತರಿಸಿ. ಕುಂಬಳದ ಹೂವಿನ ಬಜ್ಜಿಯ ಒಳಗೆ ಮೊಜರೆಲ್ಲಾದ ಜೊತೆ ಆಂಚೊವಿ ಮೀನಿನ ಚೂರು ಇರುತ್ತದೆ. ಚಳಿಗಾಲದ ಪುಂತಾರೆಲ್ಲೆ ಸೊಪ್ಪಿನ ಸಲಾಡ್ ಕಲಸುವುದೂ ಅದೇ ಮೀನಿನ ಗೊಜ್ಜಿನಲ್ಲಿ. ಅನ್ನದ ಉಂಡೆ ಕರಿದ ಸುಪ್ಲಿಯಲ್ಲಿ ಮಾಂಸದ ಸಾರು ಬೆರೆತಿರುವುದೇ ಹೆಚ್ಚು. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿದ ಚಿಕೋರಿಯಾ ಸೊಪ್ಪು. ನಮ್ಮವರು ಎರಡನೇ ಸಲವೂ ಕೇಳಿ ಹಾಕಿಸಿಕೊಳ್ಳುವ ತಿನಿಸು ಅದು.

4. ಯಹೂದಿ ಕೇರಿಗೆ ಹೋಗಿ, ಶನಿವಾರ ಬಿಟ್ಟು

1555ರಲ್ಲಿ ಪೋಪ್ ನಾಲ್ಕನೇ ಪೌಲ್ ರೋಮಿನ ಯಹೂದಿಗಳನ್ನು ಟೈಬರ್ ನದಿಯ ದಂಡೆಯ ಒಂದು ಇಕ್ಕಟ್ಟಾದ ಕೇರಿಗೆ ಗೋಡೆ ಕಟ್ಟಿ ಕೂಡಿಹಾಕಿದರು. ಮೂರು ಶತಮಾನ ಅಲ್ಲಿ ಬದುಕಿದವರು ಅಗ್ಗಕ್ಕೆ ಸಿಕ್ಕಿದ ತರಕಾರಿಯಿಂದಲೇ ಒಂದು ಪಾಕಶಾಸ್ತ್ರ ಕಟ್ಟಿದರು. ಇಂದು ಇಡೀ ರೋಮ್ ತನ್ನದೆಂದು ಹೆಮ್ಮೆಪಡುವ ಕಾರ್ಚೋಫಿ ಅಲ್ಲಾ ಜುದಿಯಾ ಹುಟ್ಟಿದ್ದು ಅಲ್ಲಿ. ಇಡೀ ಆರ್ಟಿಚೋಕನ್ನು ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ. ಎಸಳು ಬಿಚ್ಚಿ, ಅಂಚು ಗರಿಗರಿ, ನಡುವೆ ಮೆತ್ತಗೆ.

ವಿಯಾ ದೆಲ್ ಪೋರ್ತಿಕೊ ದೊತ್ತಾವಿಯಾ ರಸ್ತೆಯ ಕೋಷರ್ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ದೊಡ್ಡ ಅನುಕೂಲವಿದೆ. ಯಹೂದಿ ಧರ್ಮದ ನಿಯಮದಂತೆ ಹಾಲು, ಮಾಂಸ ಒಂದೇ ಅಡುಗೆಮನೆಯಲ್ಲಿ ಬೆರೆಯುವಂತಿಲ್ಲ. ಹಾಲಿನ ಹೋಟೆಲು ಆರಿಸಿಕೊಂಡರೆ ಮಾಂಸ ಒಳಗೆ ಬರುವ ಪ್ರಶ್ನೆಯೇ ಇಲ್ಲ. ಮೀನು ಇರಬಹುದು, ಅದನ್ನೊಂದು ಕೇಳಿಕೊಳ್ಳಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಕೋಷರ್ ಅಂಗಡಿಗಳು ಮುಚ್ಚಿರುತ್ತವೆ. ಅದೇ ಬೀದಿಯ ಬೊಚ್ಚೊನೆ ಬೇಕರಿಯ ರಿಕೊತ್ತಾ, ಹುಳಿ ಚೆರ್ರಿಯ ಕಡುಬಿಗೂ ಈ ಮಾತು ಅನ್ವಯ.

5. ಮಾಂಸಾಹಾರಿಗಳು ತೆಸ್ತಾಚ್ಚೊಗೆ

ಪ್ರವಾಸಿಗರು ತ್ರಾಸ್ತೆವೆರೆ ಬಡಾವಣೆಗೆ ನುಗ್ಗುತ್ತಾರೆ. ನನ್ನ ಮಟ್ಟಿಗೆ ತೆಸ್ತಾಚ್ಚೊ ಅದಕ್ಕಿಂತ ಮೇಲು. 1975ರವರೆಗೆ ಊರಿನ ಕಸಾಯಿಖಾನೆ ಇದ್ದದ್ದು ಇಲ್ಲಿ. ಕೂಲಿಯ ಒಂದು ಪಾಲನ್ನು ಕೆಲಸಗಾರರು ಬಾಲ, ಕರುಳು, ಬೋಟಿಯ ರೂಪದಲ್ಲಿ ಪಡೆಯುತ್ತಿದ್ದರು. ಅದರಿಂದ ಬೆಳೆದ ಅಡುಗೆ ಇವತ್ತಿಗೂ ಈ ಬಡಾವಣೆಯ ಗುರುತು. 2012ರಲ್ಲಿ ಹೊಸ ಕಟ್ಟಡಕ್ಕೆ ಬಂದ ತೆಸ್ತಾಚ್ಚೊ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಕೂಲಿಯವರು, ಕಚೇರಿಯವರು ಸಾಲು ನಿಂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಭಾನುವಾರ ರಜೆ.

6. ದಿನಕ್ಕೊಂದು ಅಡುಗೆ

ಹಳೆಯ ತ್ರಾತ್ತೊರಿಯಾಗಳಲ್ಲಿ ಗುರುವಾರ ಆಲೂಗಡ್ಡೆಯ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ಬೋಟಿ. ಬಾಗಿಲ ಬಳಿ ಕೈಬರಹದಲ್ಲಿ ಆ ದಿನದ ಅಡುಗೆ ಬರೆದಿದ್ದರೆ ಒಳಗೆ ಹೋಗಿ. ಆರು ಭಾಷೆಗಳ ಮೆನು ಹಿಡಿದು ರಸ್ತೆಗೇ ಬಂದು ಕರೆಯುವ ಕಡೆ ನಿಲ್ಲಬೇಡಿ.

7. ಬಿಲ್ಲು ಓದಿ

ಕೂತದ್ದಕ್ಕೇ ತಲೆಗಿಷ್ಟು ಎಂದು ವಸೂಲು ಮಾಡುವ ಕೋಪೆರ್ತೊವನ್ನು ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಿಂದ ನಿಷೇಧಿಸಿದೆ. ಬ್ರೆಡ್ಡಿನ ದರ, ಸರ್ವಿಸ್ ದರ ಮೆನುವಿನಲ್ಲಿ ಅಚ್ಚಾಗಿದ್ದರೆ ಕೊಡಬೇಕು. ಬ್ರೆಡ್ ಬೇಡವಾದರೆ ತಂದಿಟ್ಟಾಗಲೇ ಬೇಡ ಎನ್ನಿ. ಟಿಪ್ಸ್ ಕಡ್ಡಾಯವಲ್ಲ. ಬೀದಿಯಲ್ಲಿ ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ: 1870ರ ದಶಕದಿಂದ ಇರುವ ನಾಸೋನಿ ನಲ್ಲಿಗಳು ಊರ ತುಂಬ 2,000ಕ್ಕೂ ಹೆಚ್ಚಿವೆ, ನೀರು ತಣ್ಣಗೆ, ಶುದ್ಧ, ಪುಕ್ಕಟೆ.

8. ಮನೆಯೂಟದ ಹಂಬಲ ಬಂದರೆ

ತೆರ್ಮಿನಿ ರೈಲು ನಿಲ್ದಾಣದ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಬೆಂಡೆಕಾಯಿ, ಬೇಳೆ, ಅಕ್ಕಿ ಎಲ್ಲ ಸಿಗುತ್ತದೆ. ಸುತ್ತಮುತ್ತ ಭಾರತೀಯ, ಬಾಂಗ್ಲಾದೇಶಿ ಹೋಟೆಲುಗಳಿವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಒಂದು ಹೊತ್ತು ಅಲ್ಲಿ ತಿನ್ನಿಸುವುದು ಒಳ್ಳೆಯದು.

9. ಟಿಕೆಟ್ ತೆಗೆಯುವ ಮೊದಲು ತಿಂಗಳು ನೋಡಿ

ಆರ್ಟಿಚೋಕಿನ ಕಾಲ ಫೆಬ್ರವರಿಯಿಂದ ಏಪ್ರಿಲ್. ಆಗ ಸಿಗುವುದು ಸುತ್ತಲಿನ ಹೊಲದ, ಮುಳ್ಳಿಲ್ಲದ ದುಂಡನೆಯ ತಳಿ. ಮೇ ಒಂದರಂದು ಮನೆಮನೆಯಲ್ಲೂ ಹಸಿ ಅವರೆಯಂಥ ಫಾವೆ ಕಾಳನ್ನು ಪೆಕೊರಿನೊ ಜೊತೆ ತಿನ್ನುತ್ತಾರೆ. ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಹಿಂದೆಮುಂದೆ ಒಳ್ಳೆಯ ತ್ರಾತ್ತೊರಿಯಾಗಳ ಮಾಲೀಕರೇ ಊರು ಬಿಟ್ಟಿರುತ್ತಾರೆ. ಊಟಕ್ಕಾಗಿಯೇ ರೋಮಿಗೆ ಹೋಗುವವರು ಮಾರ್ಚ್ ಆರಿಸಿಕೊಳ್ಳಿ, ಆಗಸ್ಟ್ ಬಿಡಿ.