ರೈತನ ನಿತ್ಯಲೆಕ್ಕ: ಹೊಲದ ಅಳತೆಯಿಂದ ಮನೆ ಸಾಲದವರೆಗೆ

ಬೇಸಾಯದಲ್ಲಿ ಲೆಕ್ಕವಿಲ್ಲದ ದಿನವಿಲ್ಲ. ಬಿತ್ತನೆ ಬೀಜದ ಪ್ರಮಾಣದಿಂದ ಹಿಡಿದು ಬ್ಯಾಂಕಿನ ಕಂತಿನವರೆಗೆ ಎಲ್ಲವೂ ಲೆಕ್ಕವೇ. ಕೂಡುವುದು, ಕಳೆಯುವುದು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಸಂತೆಯಲ್ಲಿ ಬಾಯಿಲೆಕ್ಕ ಹಾಕುವವರನ್ನು ಕಂಡವರಿಗೆಲ್ಲ ಇದು ಗೊತ್ತು. ನಷ್ಟ ಉಂಟಾಗುವುದು ಬೇರೆ ಕಡೆ. ಯಾವುದಾದರೂ ದರವನ್ನು ಕೇಳಿದಾಗ ಅದು ಯಾವುದರ ಮೇಲಿನ ದರ, ಎಷ್ಟು ಅವಧಿಯ ದರ ಎಂದು ವಿಚಾರಿಸದೆ ಬಿಡುವುದೇ ಹೆಚ್ಚಿನ ತೊಂದರೆಗಳಿಗೆ ಮೂಲ. ನೂರಕ್ಕೆ ಎರಡು ಬಡ್ಡಿ ಎಂದರೆ ತಿಂಗಳಿಗೋ ವರ್ಷಕ್ಕೋ? ನೂರು ಕಿಲೊ ಸಾರಜನಕ ಎಂದರೆ ಎಕರೆಗೋ ಹೆಕ್ಟೇರಿಗೋ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಕೆಲವು ಲೆಕ್ಕಗಳನ್ನು ಇಲ್ಲಿ ಬಿಡಿಸಿ ತೋರಿಸಲಾಗಿದೆ. ಉದಾಹರಣೆಗಳಲ್ಲಿನ ಬೆಲೆ ಮತ್ತು ಬಾಡಿಗೆಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಓದುಗರು ತಮ್ಮ ಊರಿನ ಅಂಕಿಗಳನ್ನು ಹಾಕಿಕೊಂಡು ನೋಡಬೇಕು.

ಹೊಲದ ಅಳತೆ

33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಹಳೆಯ ಸರ್ವೆ ದಾಖಲೆಗಳಲ್ಲಿ ಕಾಣುವ ಸರಪಳಿಯೂ 33 ಅಡಿಯದೇ. ಅದರ ಹದಿನಾರರಲ್ಲಿ ಒಂದು ಭಾಗಕ್ಕೆ ಆಣೆ ಎನ್ನುತ್ತಾರೆ. ಹೀಗಾಗಿ ಉದ್ದ ಅಗಲಗಳನ್ನು ಸರಪಳಿಯಲ್ಲೇ ಅಳೆದು ಗುಣಿಸಿದರೆ ನೇರವಾಗಿ ಗುಂಟೆ ಸಿಗುತ್ತದೆ. ಒಂದು ಹೆಕ್ಟೇರು 2.47 ಎಕರೆ, ಅಂದರೆ ಸುಮಾರು 2 ಎಕರೆ 19 ಗುಂಟೆ.

ಹೊಲ ಚೌಕಾಕಾರವಾಗಿದ್ದರೆ ತೊಡಕಿಲ್ಲ. ಆದರೆ ಎಷ್ಟು ಹೊಲಗಳು ಹಾಗಿರುತ್ತವೆ? ನಾಲ್ಕು ಬದಿಯೂ ಬೇರೆ ಬೇರೆಯಾಗಿದ್ದರೆ ಎದುರುಬದುರಿನ ಬದಿಗಳನ್ನು ಕೂಡಿ ಅರ್ಧ ಮಾಡಿ ಗುಣಿಸುವ ರೂಢಿ ಇದೆ. ಈ ಲೆಕ್ಕ ಸುಲಭ, ಆದರೆ ಮೂಲೆಗಳು ಓರೆಯಾಗಿದ್ದಾಗಲೆಲ್ಲ ಇರುವುದಕ್ಕಿಂತ ಹೆಚ್ಚು ನೆಲವನ್ನೇ ತೋರಿಸುತ್ತದೆ. ಕಡಿಮೆ ಎಂದೂ ತೋರಿಸುವುದಿಲ್ಲ. ಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಉದಾಹರಣೆಗೆ ಒಂದು ಹೊಲದ ಕೆಳಬದು 264 ಅಡಿ, ಅದಕ್ಕೆ ಸಮಾನಾಂತರವಾಗಿ ಮೇಲಿನ ಬದು 132 ಅಡಿ, ಎರಡು ಪಕ್ಕದ ಬದುಗಳು ತಲಾ 165 ಅಡಿ ಇವೆ ಎನ್ನೋಣ. ರೂಢಿಯ ಲೆಕ್ಕದಲ್ಲಿ 198 ಅಡಿಯನ್ನು 165 ಅಡಿಯಿಂದ ಗುಣಿಸಿದರೆ 32,670 ಚದರ ಅಡಿ, ಸರಿಯಾಗಿ 30 ಗುಂಟೆ ಬರುತ್ತದೆ. ಈಗ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ಹೊಲವನ್ನು ಎರಡು ತ್ರಿಕೋನಗಳಾಗಿ ಮಾಡಬೇಕು. ಈ ಹಗ್ಗದ ಉದ್ದ 249 ಅಡಿ. ಉಳಿದ ಎರಡು ಮೂಲೆಗಳಿಂದ ಹಗ್ಗಕ್ಕೆ ನೆಟ್ಟಗೆ ಅಳೆದರೆ ಒಂದು 160 ಅಡಿ, ಇನ್ನೊಂದು 80 ಅಡಿ. ಇವೆರಡನ್ನೂ ಕೂಡಿ ಅರ್ಧ ಮಾಡಿದರೆ 120. ಅದನ್ನು 249ರಿಂದ ಗುಣಿಸಿದರೆ 29,880 ಚದರ ಅಡಿ, ಅಂದರೆ ಇಪ್ಪತ್ತೇಳೂವರೆ ಗುಂಟೆಗೆ ತುಸು ಕಡಿಮೆ. ಇಲ್ಲದ ಎರಡೂವರೆ ಗುಂಟೆಗೆ ಹಣ ಕೊಡುವುದು ಇದರಿಂದ ತಪ್ಪುತ್ತದೆ. ಗುತ್ತಿಗೆಗೆ ಪಡೆಯುವಾಗ, ಉಳುಮೆಯ ಇಲ್ಲವೆ ಕಟಾವಿನ ಬಾಡಿಗೆಯನ್ನು ಎಕರೆ ಲೆಕ್ಕದಲ್ಲಿ ಕೊಡುವಾಗಲೂ ಇದು ಅನ್ವಯಿಸುತ್ತದೆ.

ನೆಟ್ಟಗಿನ ಮೂಲೆ ಹಿಡಿಯಲು ಉಪಕರಣ ಬೇಕಿಲ್ಲ. ಒಂದು ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿ ಹನ್ನೆರಡು ಭಾಗ ಮಾಡಿ, ಎರಡು ತುದಿ ಸೇರಿಸಿ, 3, 4, 5 ಭಾಗಗಳ ತ್ರಿಕೋನವಾಗುವಂತೆ ಬಿಗಿಯಾಗಿ ಹಿಡಿದರೆ 3 ಮತ್ತು 4ರ ನಡುವಿನ ಮೂಲೆ ನೆಟ್ಟಗಿರುತ್ತದೆ. ಈಚೆಗೆ ಮೊಬೈಲ್ ಫೋನ್ ಹಿಡಿದು ಹೊಲ ಸುತ್ತಿ ವಿಸ್ತೀರ್ಣ ನೋಡುವುದೂ ರೂಢಿಗೆ ಬಂದಿದೆ. ಐದಾರು ಎಕರೆಯ ಅಂದಾಜಿಗೆ ಅದು ಸಾಕು. ಆದರೆ ಫೋನು ತೋರಿಸುವ ಸ್ಥಳದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಇರುವುದರಿಂದ ಹತ್ತು ಗುಂಟೆಯ ತುಂಡಿಗೆ ಅದನ್ನು ನಂಬುವುದು ಸಲ್ಲ.

ಗೊಬ್ಬರ ಮತ್ತು ಮಳೆ

ಶಿಫಾರಸುಗಳು ಸಾಮಾನ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿ, ಅದೂ ಪೋಷಕಾಂಶದ ತೂಕದಲ್ಲಿ ಇರುತ್ತವೆ, ಗೊಬ್ಬರದ ತೂಕದಲ್ಲಲ್ಲ. ಹೆಕ್ಟೇರಿಗೆ 100 ಕಿಲೊ ಸಾರಜನಕ, 50 ಕಿಲೊ ರಂಜಕ ಎಂದಿದ್ದರೆ ಎಕರೆಗೆ ಸುಮಾರು 40 ಮತ್ತು 20 ಕಿಲೊ. ಡಿಎಪಿಯಲ್ಲಿ ರಂಜಕ ಶೇಕಡ 46. ಆದ್ದರಿಂದ 20 ಕಿಲೊ ರಂಜಕಕ್ಕೆ ಸುಮಾರು 43.5 ಕಿಲೊ ಡಿಎಪಿ ಬೇಕು. ಇದರಲ್ಲೇ ಶೇಕಡ 18ರಷ್ಟು ಸಾರಜನಕವೂ ಇರುವುದರಿಂದ ಹತ್ತಿರ ಹತ್ತಿರ 8 ಕಿಲೊ ಸಾರಜನಕ ಆಗಲೇ ಹೊಲಕ್ಕೆ ಬಿದ್ದಂತಾಯಿತು. ಉಳಿದ 32 ಕಿಲೊಗೆ ಶೇಕಡ 46 ಸಾರಜನಕವಿರುವ ಯೂರಿಯಾ 70 ಕಿಲೊ ಸಾಕು. ಡಿಎಪಿಯ ಸಾರಜನಕವನ್ನು ಕಳೆಯದೆ ಲೆಕ್ಕ ಹಾಕಿದವರು 87 ಕಿಲೊ ಹಾಕುತ್ತಾರೆ. ಎಕರೆಗೆ 17 ಕಿಲೊ ದಂಡ. ಹೆಚ್ಚಾದ ಸಾರಜನಕ ಪೈರನ್ನು ಮಲಗಿಸುತ್ತದೆ, ಕೀಟವನ್ನು ಕರೆಯುತ್ತದೆ. ಇನ್ನೊಂದು ಮಾತು: 2018ರಿಂದ ಯೂರಿಯಾ ಚೀಲ 50 ಕಿಲೊ ಇದ್ದದ್ದು 45 ಕಿಲೊ ಆಗಿದೆ. ಚೀಲದ ಲೆಕ್ಕದಲ್ಲಿ ಹಾಕುವವರು ಇದನ್ನು ಮರೆಯಬಾರದು.

ಮಳೆಯ ವಿಷಯದಲ್ಲಿ ಒಂದೇ ಅಂಕಿ ನೆನಪಿದ್ದರೆ ಸಾಕು. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 4,047 ಲೀಟರ್ ನೀರು. 25 ಮಿಲಿಮೀಟರಿನ ಒಂದು ಹದ ಮಳೆ ಎಕರೆಗೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಕೃಷಿಹೊಂಡ ತೋಡುವವರು ಇಲ್ಲಿಂದಲೇ ಲೆಕ್ಕ ಆರಂಭಿಸಬೇಕು, ಆದರೆ ಅದಷ್ಟೂ ಹೊಂಡಕ್ಕೆ ಬರುವುದಿಲ್ಲ, ಬಹುಪಾಲು ನೆಲವೇ ಕುಡಿಯುತ್ತದೆ. ಸರಾಸರಿ ಮಳೆಯನ್ನು ಮಾತ್ರ ನಂಬಬಾರದು. ಮೂರು ವಾರ ಹನಿಯೂ ಬೀಳದೆ ನಾಲ್ಕನೆಯ ವಾರ 120 ಮಿಲಿಮೀಟರ್ ಸುರಿದರೆ ವಾರಕ್ಕೆ ಸರಾಸರಿ 30 ಎಂದಾಗುತ್ತದೆ. ಪುಸ್ತಕದಲ್ಲಿ ಒಳ್ಳೆಯ ಮಳೆ, ಹೊಲದಲ್ಲಿ ಒಣಗಿದ ಪೈರು.

ಮಾರುಕಟ್ಟೆಗೆ ಸಾಗಣೆ

ಹತ್ತಿರದ ಮಾರುಕಟ್ಟೆಯಲ್ಲಿ ಈರುಳ್ಳಿ ಕ್ವಿಂಟಲಿಗೆ 1,500 ರೂ., 60 ಕಿಲೊಮೀಟರ್ ದೂರದ ಪೇಟೆಯಲ್ಲಿ 1,620 ರೂ. ಇದೆಯೆಂದು ಇಟ್ಟುಕೊಳ್ಳೋಣ. ಮೊದಲು ನೋಡಬೇಕಾದದ್ದು ಆ 1,620 ಎಂಬುದು ಗರಿಷ್ಠ ಬೆಲೆಯೋ ಮಾದರಿ ಬೆಲೆಯೋ ಎಂದು. ಗರಿಷ್ಠ ಬೆಲೆ ಸಿಕ್ಕಿದ್ದು ಯಾರದೋ ಆಯ್ದ ಮಾಲಿಗೆ ಇರಬಹುದು. ಹೆಚ್ಚಿನ ಮಾಲು ಮಾರಾಟವಾದ ಬೆಲೆಯೇ ಮಾದರಿ ಬೆಲೆ. ಅದು ಮಾದರಿ ಬೆಲೆಯೇ ಆಗಿದ್ದರೂ ದಾರಿಯಲ್ಲಿ ಕ್ವಿಂಟಲಿಗೆ 2 ಕಿಲೊ ತೂಕ ಇಳಿದರೆ ಕೈಗೆ ಬರುವುದು ಸುಮಾರು 1,588 ರೂ. ಹೆಚ್ಚುವರಿ 120 ಎಂದುಕೊಂಡಿದ್ದು 88 ಆಯಿತು. ವಾಹನಕ್ಕೆ ಹೋಗಿಬರುವ 120 ಕಿಲೊಮೀಟರಿಗೂ 20 ರೂ.ನಂತೆ 2,400 ರೂ. ಬಾಡಿಗೆ. 20 ಕ್ವಿಂಟಲ್ ಒಯ್ದರೆ ಕ್ವಿಂಟಲಿಗೆ 120 ರೂ. ಬೀಳುತ್ತದೆ, 32 ರೂ. ನಷ್ಟ. ನೆರೆಯವರ ಮಾಲನ್ನೂ ಸೇರಿಸಿ 40 ಕ್ವಿಂಟಲ್ ತುಂಬಿದರೆ ಬಾಡಿಗೆ 60ಕ್ಕೆ ಇಳಿದು 28 ರೂ. ಉಳಿಯುತ್ತದೆ. ಹಮಾಲಿ, ಊಟ-ತಿಂಡಿ, ಒಂದು ದಿನದ ಕೆಲಸ ಇನ್ನೂ ಇದರಿಂದಲೇ ಹೋಗಬೇಕು.

ಸಾಲದ ಲೆಕ್ಕ

ಕೈಸಾಲದಲ್ಲಿ ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಕಟ್ಟದ ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸಿದರೆ ವರ್ಷಕ್ಕೆ ನಲವತ್ತೆರಡೂವರೆ ದಾಟುತ್ತದೆ. ಇದಕ್ಕಿಂತ ಮೋಸದ್ದು ವಾರದ ಸಾಲ. ಹತ್ತು ಸಾವಿರ ಸಾಲವೆಂದು ಬರೆಸಿ, ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗಿತ್ತು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುತ್ತಾರೆ. ನೂರಕ್ಕೆ ಹತ್ತೇ ಅಲ್ಲವೆ ಎಂದು ತೋರುತ್ತದೆ. ಆದರೆ ಒಂಬತ್ತು ಸಾವಿರವೂ ನಮ್ಮ ಕೈಯಲ್ಲಿ ಇರುವುದು ಮೊದಲ ವಾರ ಮಾತ್ರ. ಆಮೇಲೆ ಕರಗುತ್ತಾ ಹೋಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ನೂರಕ್ಕೆ ನೂರು ಮೀರಿದ ಬಡ್ಡಿ.

ಯಂತ್ರೋಪಕರಣಗಳ ಸಾಲದಲ್ಲೂ ಇದೇ ಸಂಗತಿ ನಯವಾದ ರೂಪದಲ್ಲಿರುತ್ತದೆ. ಫ್ಲಾಟ್ ದರ ಎಂದು ಹೇಳುವ ಸಾಲದಲ್ಲಿ ಮೊದಲಿನ ಪೂರ್ತಿ ಮೊತ್ತದ ಮೇಲೆಯೇ ಕೊನೆಯವರೆಗೂ ಬಡ್ಡಿ ಹಾಕುತ್ತಾರೆ. ಟಿಲ್ಲರಿಗಾಗಿ 2,40,000 ರೂ. ಸಾಲ, ಫ್ಲಾಟ್ ಶೇಕಡ 10, ಮೂರು ವರ್ಷ ಎಂದರೆ ಬಡ್ಡಿ 72,000. ತಿಂಗಳ ಕಂತು ಸುಮಾರು 8,667 ರೂ. ತೀರಿಸಿದಷ್ಟನ್ನು ಕಳೆದು ಉಳಿಕೆಯ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ರೀತಿಯಲ್ಲಿ ಇದೇ ಕಂತು ಶೇಕಡ 18ರ ಬಡ್ಡಿಗೆ ಸಮ. ಹೀಗಾಗಿ ಫ್ಲಾಟ್ 10ಕ್ಕಿಂತ ಉಳಿಕೆ ಮೇಲಿನ 12 ಬಹಳ ಅಗ್ಗ.

ಬೆಳೆ ಸಾಲದಲ್ಲಿ ದರಕ್ಕಿಂತ ತಾರೀಖು ಮುಖ್ಯ. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯನ್ನು 2025-26ನೇ ಸಾಲಿಗೂ ಮುಂದುವರಿಸಿ, ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ 3 ಲಕ್ಷ ರೂ.ವರೆಗಿನ ಬೆಳೆ ಸಾಲಕ್ಕೆ ಶೇಕಡ 7 ಬಡ್ಡಿ, ಗಡುವಿನೊಳಗೆ ತೀರಿಸಿದವರಿಗೆ ಮತ್ತೆ ಶೇಕಡ 3 ರಿಯಾಯಿತಿ ಎಂದು ಇಡಲಾಗಿತ್ತು. ಒಂದು ಲಕ್ಷ ರೂ. ಸಾಲವನ್ನು ಗಡುವಿನೊಳಗೆ ಕಟ್ಟಿದವರಿಗೆ ವರ್ಷಕ್ಕೆ 4,000 ರೂ. ಬಡ್ಡಿ, ಗಡುವು ತಪ್ಪಿದರೆ 3,000 ರೂ. ರಿಯಾಯಿತಿ ಕೈಬಿಟ್ಟು ಹೋಗುತ್ತದೆ. ಪಾಸ್ ಪುಸ್ತಕದ ಗಡುವಿನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಲೇಸು.

ಇನ್ನು ಮನೆ ಸಾಲ. ಆರು ಲಕ್ಷ ರೂ. ಸಾಲಕ್ಕೆ ಶೇಕಡ 9 ಬಡ್ಡಿ ಎನ್ನೋಣ. ಹತ್ತು ವರ್ಷಕ್ಕಾದರೆ ಮಾಸಿಕ ಕಂತು ಸುಮಾರು 7,600 ರೂ., ಒಟ್ಟು ಬಡ್ಡಿ 3 ಲಕ್ಷ 12 ಸಾವಿರ. ಹದಿನೈದು ವರ್ಷಕ್ಕೆ ಕಂತು 6,086 ರೂ., ಬಡ್ಡಿ 4 ಲಕ್ಷ 95 ಸಾವಿರ. ಇಪ್ಪತ್ತು ವರ್ಷಕ್ಕೆ ಕಂತು 5,398 ರೂ., ಬಡ್ಡಿ 6 ಲಕ್ಷ 95 ಸಾವಿರ. ಹದಿನೈದರಿಂದ ಇಪ್ಪತ್ತಕ್ಕೆ ಹೋದಾಗ ಕಂತಿನಲ್ಲಿ ಉಳಿಯುವುದು ತಿಂಗಳಿಗೆ 690 ರೂ.ಗೂ ಕಡಿಮೆ, ಹೆಚ್ಚು ತೆರುವುದು ಎರಡು ಲಕ್ಷ! ಕಂತು ಸಣ್ಣದಾಗಿ ಕಂಡಿತೆಂದು ಅವಧಿ ಹಿಗ್ಗಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕಾರಣ ಸರಳವಾಗಿದೆ. ಹದಿನೈದು ವರ್ಷದ ಸಾಲದಲ್ಲಿ ಮೊದಲ ತಿಂಗಳ ಬಡ್ಡಿಯೇ 4,500 ರೂ. ಕಂತಿನಲ್ಲಿ ಅಸಲಿಗೆ ಹೋಗುವುದು 1,586 ರೂ. ಮಾತ್ರ. ಒಂದು ವರ್ಷ ತಪ್ಪದೆ 73,000 ರೂ. ಕಟ್ಟಿದ ಮೇಲೂ ಸಾಲ 5 ಲಕ್ಷ 80 ಸಾವಿರ ಉಳಿದಿರುತ್ತದೆ. ಮೊದಲ ವರ್ಷಗಳಲ್ಲಿ ಅಸಲು ಕರಗುವುದೇ ಕಾಣುವುದಿಲ್ಲ.

ಆದ್ದರಿಂದಲೇ ಮೊದಲ ವರ್ಷಗಳಲ್ಲಿ ಅಸಲಿಗೆ ಕಟ್ಟುವ ಹಣಕ್ಕೆ ಬೆಲೆ ಹೆಚ್ಚು. ಸಂಬಳದಾರರಿಗೆ ತಿಂಗಳು ತಿಂಗಳು ಹಣ ಬಂದರೆ ರೈತನಿಗೆ ಬರುವುದು ಸುಗ್ಗಿಯಲ್ಲಿ, ಒಟ್ಟಿಗೆ. ಒಂದು ವರ್ಷದ ಕೊನೆಗೆ, ಕಂತಿನ ಜೊತೆಗೆ 50,000 ರೂ. ಹೆಚ್ಚಾಗಿ ಅಸಲಿಗೆ ಕಟ್ಟಿ ಕಂತನ್ನು ಹಾಗೆಯೇ ಮುಂದುವರಿಸಿದರೆ, ಉಳಿದಿದ್ದ 168 ಕಂತುಗಳು ಸುಮಾರು 142ಕ್ಕೆ ಇಳಿಯುತ್ತವೆ. ಬಡ್ಡಿಯಲ್ಲಿ ಉಳಿತಾಯ ಒಂದು ಲಕ್ಷ ರೂ. ದಾಟುತ್ತದೆ. ಆದರೆ ಮುಂದಿನ ಬಿತ್ತನೆಗೆ ಬೇಕಾದ ಹಣವನ್ನು ಇದಕ್ಕೆ ಹಾಕಿ ಆಮೇಲೆ ಕೈಸಾಲಕ್ಕೆ ಹೋಗುವುದು ತರವಲ್ಲ. 9ರ ಸಾಲ ತೀರಿಸಿ 36ರ ಸಾಲ ತಂದಂತಾಗುತ್ತದೆ. ಕೈಸಾಲವಿದ್ದರೆ ಮೊದಲು ಅದನ್ನೇ ತೀರಿಸಬೇಕು.

ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಸೂಚಿಸಿದೆ. ಸ್ಥಿರ ದರದ ಸಾಲವಾಗಿದ್ದರೆ ಕರಾರು ಪತ್ರ ಓದಿ ನೋಡಬೇಕು. ಹೆಚ್ಚಿನ ಹಣ ಕಟ್ಟುವಾಗ ಅದನ್ನು ಅಸಲಿಗೆ ಜಮಾ ಮಾಡಿ, ಕಂತನ್ನು ಇಳಿಸದೆ ಅವಧಿಯನ್ನು ಕಡಿಮೆ ಮಾಡುವಂತೆ ಶಾಖೆಯ ವ್ಯವಸ್ಥಾಪಕರಿಗೆ ಅರ್ಜಿ ಬರೆದುಕೊಟ್ಟು, ಮೊಹರು ಹಾಕಿಸಿದ ಒಂದು ಪ್ರತಿಯನ್ನೂ ಉಳಿದ ಕಂತುಗಳ ಹೊಸ ಪಟ್ಟಿಯನ್ನೂ ಕೇಳಿ ಪಡೆದುಕೊಳ್ಳಬೇಕು.